ಚಿಂದಿ ಬಟ್ಟೆಯ ಕುದುರೆಯಿಂದ ಚನ್ನಪಟ್ಟಣದ ಬುಗುರಿಯವರೆಗೆ

ಈದ್ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಲೆಕ್ಕ ಶುರುವಾಗುತ್ತದೆ. ಬಟ್ಟೆ, ಶೀರ್ ಖುರ್ಮಾದ ಸಾಮಾನು, ಫಿತ್ರ್ ಝಕಾತ್, ಕೊನೆಗೆ ಮಕ್ಕಳ ಆಟಿಕೆ. ಮೊದಲ ಮೂರಕ್ಕೆ ಹೇಗೋ ಹೊಂದಿಸುವ ತಂದೆ ನಾಲ್ಕನೆಯದರಲ್ಲಿ ಸೋಲುತ್ತಾನೆ. ಪಕ್ಕದ ಮನೆಗೆ ರಿಮೋಟ್ ಕಾರು ಬಂದಿದೆ, ತನ್ನ ಮಗನೂ ಅದಕ್ಕೇ ಹಟ ಹಿಡಿದಿದ್ದಾನೆ. ಸಾಲ ಮಾಡಿ ತಂದ ಕಾರು ಹಬ್ಬದ ಮೂರನೇ ದಿನಕ್ಕೆ ಮಂಚದ ಕೆಳಗೆ ಸೇರುತ್ತದೆ, ಸಾಲ ಮಾತ್ರ ಮುಂದಿನ ರಮಝಾನಿನವರೆಗೂ ಉಳಿಯುತ್ತದೆ. ಜುಮಾ ನಂತರ ಇಂಥ ಕಷ್ಟ ಹೇಳಿಕೊಳ್ಳುವವರನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಹಾಗಾಗಿ ಈ ಸಲ ಆಟಿಕೆಯ ಚರಿತ್ರೆಯನ್ನೇ ಸ್ವಲ್ಪ ತೆರೆದು ನೋಡೋಣ.

ಮದೀನಾದಿಂದಲೇ ಆರಂಭಿಸಬಹುದು. ಹಝ್ರತ್ ಆಯಿಶಾ(ರ) ಬಾಲ್ಯದಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದರು. ಪ್ರವಾದಿ(ಸ) ಒಳಗೆ ಬಂದಾಗ ನಾಚಿ ಅಡಗುತ್ತಿದ್ದ ಗೆಳತಿಯರನ್ನು ಅವರೇ ಮತ್ತೆ ಆಟಕ್ಕೆ ಕಳುಹಿಸುತ್ತಿದ್ದರೆಂದು ಸಹೀಹ್ ಬುಖಾರಿಯಲ್ಲಿದೆ. ಅಬೂದಾವೂದ್ ವರದಿಯಲ್ಲಿ ಇನ್ನೊಂದು ಘಟನೆ ಇದೆ. ಯುದ್ಧದಿಂದ ಮರಳಿದ ಪ್ರವಾದಿ(ಸ)ರ ಮುಂದೆ ಗಾಳಿಗೆ ಪರದೆ ಸರಿಯಿತು, ಹಿಂದಿದ್ದ ಗೊಂಬೆಗಳು ಕಂಡವು. ನಡುವೆ ಒಂದು ಕುದುರೆ, ಅದಕ್ಕೆ ಚಿಂದಿ ಬಟ್ಟೆಯ ಎರಡು ರೆಕ್ಕೆ. ಕುದುರೆಗೆ ರೆಕ್ಕೆಯೇ ಎಂದು ಅವರು ಕೇಳಿದರು. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆ ಇದ್ದುದು ನೀವು ಕೇಳಿಲ್ಲವೇ ಎಂದು ಆಯಿಶಾ(ರ) ಉತ್ತರಿಸಿದರು. ಪ್ರವಾದಿ(ಸ) ದವಡೆ ಹಲ್ಲು ಕಾಣುವಷ್ಟು ನಕ್ಕರು. ಆ ಆಟಿಕೆಗೆ ತಗುಲಿದ್ದು ಹರಿದ ಬಟ್ಟೆಯ ತುಂಡಿನ ಖರ್ಚಷ್ಟೆ!

ಆಶೂರಾ ಉಪವಾಸದ ಬಗ್ಗೆ ರುಬಯ್ಯಿ ಬಿಂತ್ ಮುಅವ್ವಿಝ್(ರ) ಹೇಳಿದ್ದನ್ನು ನಾವು ಖುತ್ಬಾಗಳಲ್ಲಿ ಹೆಚ್ಚು ಕೇಳಿರುವುದಿಲ್ಲ. ಸಹಾಬಿ ಮಹಿಳೆಯರು ತಮ್ಮ ಪುಟ್ಟ ಮಕ್ಕಳಿಗೂ ಉಪವಾಸದ ಅಭ್ಯಾಸ ಮಾಡಿಸುತ್ತಿದ್ದರು. ಮಗು ಹಸಿವಿನಿಂದ ಅತ್ತರೆ ಉಣ್ಣೆಯಲ್ಲಿ ಮಾಡಿದ ಆಟಿಕೆ ಕೊಟ್ಟು ಇಫ್ತಾರಿನವರೆಗೆ ಸಮಾಧಾನಪಡಿಸುತ್ತಿದ್ದರು. ತಾಯಿ ಕೈಯಾರೆ ಮಾಡಿದ ಉಣ್ಣೆಯ ಉಂಡೆ ಅದು. ಮೂರ್ತಿಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿರುವ ನಮ್ಮ ಫಿಕ್ಹ್‌ನಲ್ಲಿ ಬಹುಪಾಲು ವಿದ್ವಾಂಸರು ಮಕ್ಕಳ ಗೊಂಬೆಗೆ ಅವಕಾಶ ಕೊಟ್ಟದ್ದು ಆಯಿಶಾ(ರ)ರ ಈ ಹದೀಸ್‌ಗಳ ಆಧಾರದಲ್ಲಿಯೇ. ಭಿನ್ನಾಭಿಪ್ರಾಯವೂ ಇದೆ. ಮನಸ್ಸಿಗೆ ಒಪ್ಪದವರಿಗೆ ಬುಗುರಿ, ಗಾಡಿ, ಮಣಿಚೌಕಟ್ಟುಗಳಿವೆ.

ಇನ್ನು ನಮ್ಮ ನಾಡಿಗೆ ಬರೋಣ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ಚನ್ನಪಟ್ಟಣವನ್ನು ಗೊಂಬೆಗಳ ಊರು ಎನ್ನುತ್ತಾರೆ. ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಅರಗಿನ ಕೆಲಸ ಕಲಿಸಿದರೆಂಬುದು ತಲೆಮಾರುಗಳಿಂದ ಬಂದ ಮಾತು. ಮರದ ವಿನೋದದಲ್ಲಿ ಸುಲ್ತಾನರಿಗೆ ಆಸಕ್ತಿ ಇದ್ದದ್ದಂತೂ ನಿಜ. ತಿರುಗಿಸಿದರೆ ಗರ್ಜಿಸುವ ಅವರ ಮರದ ಹುಲಿಯನ್ನು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಹೊತ್ತೊಯ್ದರು. ಅದು ಇವತ್ತಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಆಟಿಕೆ ವಿಧಾನವನ್ನು ಇಲ್ಲಿಗೆ ಹೊಂದಿಸಿದರೆಂದು ಅವರನ್ನು ಈ ಕಸುಬಿನ ಪಿತಾಮಹರೆಂದೇ ಕರೆಯುತ್ತಾರೆ.

ಕೆಲಸದ ಕ್ರಮ ನೋಡಲೇಬೇಕಾದದ್ದು. ಹಾಲೆ ಮರ ಬಿಳಿಯದು, ಮೃದುವಾದದ್ದು, ಸಿಬಿರು ಏಳುವುದಿಲ್ಲ. ಅದನ್ನು ಕೊಯ್ದು ತಿಂಗಳುಗಟ್ಟಲೆ ಒಣಗಿಸುತ್ತಾರೆ. ಆಮೇಲೆ ಲೇಥಿಗೆ ಕೊಟ್ಟು ಉಳಿಯಿಂದ ಆಕಾರ ತೆಗೆಯುತ್ತಾರೆ. ಬಣ್ಣಕ್ಕೆ ಬ್ರಷ್ ಇಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕೊನೆಗೆ ತಾಳೆಗರಿಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ಅರಿಶಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ ತೆಗೆಯುವವರು ಇನ್ನೂ ಇದ್ದಾರೆ. ಹಾಲುಗಲ್ಲದ ಮಗು ಬಾಯಿಗಿಡುವ ಗಿಲಕಿಗೆ ಇಂಥ ಬಣ್ಣವೇ ಲೇಸು, ಕೊಳ್ಳುವಾಗ ಕೇಳಿ ತಿಳಿಯಿರಿ. ಈ ಕೆಲಸದಲ್ಲಿ ನಮ್ಮ ಸಮುದಾಯದ ಕುಟುಂಬಗಳು ಬಹಳ. ಬಣ್ಣ ಹಾಕಿ, ಮಣಿ ಪೋಣಿಸಿ ಮನೆ ನಡೆಸುವ ಹೆಣ್ಣುಮಕ್ಕಳೂ ಕಡಿಮೆಯಿಲ್ಲ.

ದರದ ಮಾತು ಹೇಳಿಬಿಡೋಣ. ದೊಡ್ಡ ತೂಗುಕುದುರೆಗೆ ಸಾವಿರಗಳೇ ಬೇಕು, ಅದು ಎಲ್ಲರಿಗೂ ಆಗುವುದಿಲ್ಲ. ಆದರೆ ಬುಗುರಿ, ಗಿಲಕಿ, ಚಿಕ್ಕ ಬಂಡಿಗಳಂಥವು ನೂರು ರೂಪಾಯಿಯ ಒಳಗೇ ಸಿಗುತ್ತವೆ. ಒಂದು ರಿಮೋಟ್ ಕಾರಿನ ಬೆಲೆಗೆ ಮನೆಯ ಎಲ್ಲ ಮಕ್ಕಳಿಗೂ ಸಮನಾಗಿ ಕೊಡಬಹುದು. ನುಅ್‌ಮಾನ್ ಬಿನ್ ಬಶೀರ್(ರ)ರ ತಂದೆ ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟಾಗ, ಉಳಿದವರಿಗೂ ಕೊಟ್ಟೆಯಾ ಎಂದು ಕೇಳಿ, ಇಲ್ಲವೆಂದಾಗ ಪ್ರವಾದಿ(ಸ) ಅದಕ್ಕೆ ಸಾಕ್ಷಿ ನಿಲ್ಲಲು ಒಪ್ಪಲಿಲ್ಲ.

ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಮಾರುಕಟ್ಟೆ ತುಂಬಿದಾಗ ಚನ್ನಪಟ್ಟಣದ ಎಷ್ಟೋ ಲೇಥುಗಳು ನಿಂತವು. 2005–06ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, 2015ರ ಗಣರಾಜ್ಯೋತ್ಸವದಲ್ಲಿ ದೆಹಲಿಯ ರಾಜಪಥದ ಮೇಲೆ ಈ ಗೊಂಬೆಗಳ ಸ್ತಬ್ಧಚಿತ್ರ ಸಾಗಿತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಭೌಗೋಳಿಕ ಗುರುತಿನ ಕರಕುಶಲ ಆಟಿಕೆಗಳಿಗೆ ಅದರಿಂದ ವಿನಾಯಿತಿ ಕೊಟ್ಟಿದ್ದಾರೆ. ಆದ್ದರಿಂದ ಪ್ಲಾಸ್ಟಿಕ್ಕಿನದೇ ಕೊಳ್ಳುವುದಾದರೆ ಆ ಗುರುತು ನೋಡದೆ ಕೊಳ್ಳಬೇಡಿ.

2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಬೈಪಾಸ್ ಚನ್ನಪಟ್ಟಣವನ್ನು ಬದಿಗಿಟ್ಟು ಹೋಗುತ್ತದೆ. ಹಳೆಯ ರಸ್ತೆಯ ಬದಿಯ ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾಗಿದೆ. ಈದ್ ರಜೆಗೆ ಮೈಸೂರಿಗೆ ಹೊರಡುವ ಕುಟುಂಬಗಳು ಬೈಪಾಸ್ ಹತ್ತದೆ ಊರೊಳಗಿನ ರಸ್ತೆ ಹಿಡಿದರೆ ಅರ್ಧ ಗಂಟೆ ಹೆಚ್ಚು ಹಿಡಿದೀತು. ಅಂಗಡಿಯ ಹಿಂದೆಯೇ ಲೇಥ್ ಇಟ್ಟುಕೊಂಡವರಿದ್ದಾರೆ, ಕೇಳಿದರೆ ಮಕ್ಕಳ ಎದುರಿಗೇ ಒಂದು ಬುಗುರಿ ಕಡೆದು ತೋರಿಸುತ್ತಾರೆ.