ಹೊಯ್ಸಳ ದೇಗುಲಗಳ ಮಾರ್ಗದರ್ಶಿತ ವೀಕ್ಷಣೆ

ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು ಮತ್ತು ಅರಸೀಕೆರೆಯ ಹೊಯ್ಸಳ ದೇಗುಲಗಳನ್ನು ಮಾರ್ಗದರ್ಶಿಯ ವಿವರಣೆಯೊಂದಿಗೆ ನೋಡುವ ಕ್ರಮ. ಬೇಲೂರು, ಹಳೇಬೀಡಿನ ದೇಗುಲಗಳು ಸೋಮನಾಥಪುರದೊಂದಿಗೆ 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದವು.

ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆಯುಂಟು. ಚಪ್ಪಲಿ ಹೊರಗೆ ಬಿಟ್ಟು ಜಗತಿಯ ಮೇಲೆ ಬಲಸುತ್ತು ಬರುತ್ತಾ ಮದನಿಕೆಯರ ಶಿಲ್ಪಗಳನ್ನು ನೋಡಬೇಕು. ಮಂದ ಬೆಳಕಿನ ನವರಂಗದಲ್ಲಿ ಮಾರ್ಗದರ್ಶಿಯ ಟಾರ್ಚು ಬಿದ್ದಾಗಲೇ ಭುವನೇಶ್ವರಿ ಎಂಬ ಚಾವಣಿಯ ಸೂಕ್ಷ್ಮ ಕೆತ್ತನೆ ಸ್ಪಷ್ಟವಾಗುತ್ತದೆ. ಕ್ವಾರಿಯಿಂದ ತೆಗೆದಾಗ ಮೆದುವಾಗಿದ್ದು ಬರಬರುತ್ತಾ ಗಟ್ಟಿಯಾಗುವ ಬಳಪದ ಕಲ್ಲೇ ಈ ನಯಕ್ಕೆ ಕಾರಣ. ಶಿಲ್ಪಿ ಜಕಣಾಚಾರಿಯ ಕಥೆ ಜನಪ್ರಿಯ, ಆದರೆ ಶಾಸನದ ಆಧಾರವಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರುಗಳಾದರೋ ವಿಗ್ರಹಗಳ ಪೀಠದಲ್ಲೇ ಕೊರೆದಿವೆ. ಒಳ್ಳೆಯ ಮಾರ್ಗದರ್ಶಿ ಅವನ್ನು ತೋರಿಸದೆ ಮುಂದೆ ಹೋಗಬಾರದು.

ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರ ಸಾಲುಗಳು, ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಪ್ರಸಂಗಗಳು. ಸಮಯದ ಅವಸರದಲ್ಲಿ ಹಲವರು ಬಿಟ್ಟುಬಿಡುವ ಜೈನ ಬಸದಿಗಳಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳಿವೆ.

ಅರಸೀಕೆರೆಯನ್ನು ಬಹುಮಂದಿ ರೈಲ್ವೆ ಜಂಕ್ಷನ್ನಾಗಿ ಮಾತ್ರ ಬಲ್ಲರು. ಅಲ್ಲಿನ ಈಶ್ವರ ದೇವಾಲಯದ (ಸುಮಾರು 1220) ನಕ್ಷತ್ರಾಕಾರದ ತೆರೆದ ಮಂಟಪ ಹೊಯ್ಸಳ ವಾಸ್ತುವಿನಲ್ಲೇ ಅಪರೂಪದ್ದು. ಗದ್ದಲ ಕಡಿಮೆಯಿರುವ ಕಾರಣ ನಿಂತು, ಕೇಳಿ, ಮತ್ತೊಮ್ಮೆ ನೋಡಲು ಇಲ್ಲಿ ಬಿಡುವು ಸಿಗುತ್ತದೆ.