ಕಡಲು ಕಾದ ವರ್ಷ, ನಮ್ಮ ಹೊಲ ಒಣಗಿದ ವರ್ಷ

ಬಾದಾಮಿ, ಹುನಗುಂದ, ಇಳಕಲ್ಲ ಕಡೆಯ ನಮಗೆ ಕಡಲೆಂದರೆ ಭೂಗೋಳದ ನಕಾಶೆಯ ನೀಲಿ ಬಣ್ಣ. ಆದರೂ ನಮ್ಮ ಹಿರಿಯರು ಇಂದಿಗೂ ನೆನೆಯುವ 1972ರ ಬರಕ್ಕೂ ದೂರದ ಕಡಲಿಗೂ ನಂಟಿದೆ.

ಆ ವರ್ಷ ಪೆಸಿಫಿಕ್ ಸಾಗರದ ಪೂರ್ವಭಾಗದ ನೀರು ಎಂದಿಗಿಂತ ಬೆಚ್ಚಗಾಯಿತು. ಇದನ್ನು ಎಲ್ ನಿನೊ ಎನ್ನುತ್ತಾರೆ. ಪೆರು ದೇಶದ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೆ ಬಂದರೆ ಮಾತ್ರ ಮೀನಿಗೆ ಮೇವು. ನೀರು ಬೆಚ್ಚಗಾದಾಗ ಆ ಮೇವು ತಪ್ಪಿತು. 1970ರಲ್ಲಿ ಸುಮಾರು 120 ಲಕ್ಷ ಟನ್ ಆಂಚೊವಿ ಮೀನು ಹಿಡಿದಿದ್ದ ಪೆರು, 1973ರಲ್ಲಿ ಸುಮಾರು 20 ಲಕ್ಷ ಟನ್ನಿಗೆ ಇಳಿಯಿತು. ತಪ್ಪೆಲ್ಲ ಬಿಸಿನೀರಿನದೇ ಅಲ್ಲ. ಕೋಳಿ ಮೇವಿನ ಮೀನುಹಿಟ್ಟಿಗೆ ಒಳ್ಳೆಯ ಬೆಲೆ ಕಂಡು, ದೋಣಿಗಳೂ ಕಾರ್ಖಾನೆಗಳೂ ಮೊದಲೇ ಮಿತಿಮೀರಿದ್ದವು. ಮೀನುಹಿಟ್ಟು ಸಿಗದಾದಾಗ ಸೋಯಾ ಬೆಲೆ ಏರಿತು. 1973ರಲ್ಲಿ ಅಮೆರಿಕ ಸೋಯಾ ರಫ್ತನ್ನೇ ಕೆಲಕಾಲ ತಡೆಯಿತು.

ಎಲ್ ನಿನೊ ಬಂದ ವರ್ಷ ಅನೇಕ ಸಲ ನಮ್ಮ ಮುಂಗಾರು ಸೊರಗುತ್ತದೆ. 1972ರಲ್ಲೂ ಸೊರಗಿತು. ಅಂದಿನ ಅಖಂಡ ವಿಜಾಪುರ ಜಿಲ್ಲೆಯ ಹೊಲಗಳು ಒಣಗಿದವು. ಜನ ಗುಳೆ ಹೋದರು.

ನಮ್ಮ ರಾಜ್ಯದ ಕರಾವಳಿಯೂ ಇದೇ ಪಾಠ ಹೇಳುತ್ತದೆ. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಊರವರೆಲ್ಲ ಕೂಡಿ ಎಳೆಯುತ್ತಿದ್ದ ರಂಪಣಿ ಬಲೆ ಮೂಲೆ ಸೇರಿತು. ಬೂತಾಯಿ ಮೀನು ಕಡಲಿನ ಬಿಸಿಗೆ ಬೇಗ ಮಣಿಯುವಂಥದ್ದು. ನೆರೆಯ ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದ ಬೂತಾಯಿ, ಎಲ್ ನಿನೊ ಬಂದ ಮೇಲೆ 2016ರಲ್ಲಿ 50 ಸಾವಿರ ಟನ್ನೂ ಸಿಗಲಿಲ್ಲ. ಮೀನು ಕಡಿಮೆಯಾದರೆ ದರ ಏರುತ್ತದೆ, ನಿಜ. ಆದರೆ ಬಲೆ ಬರಿದಾಗಿ ಬಂದರೆ ಡೀಸೆಲ್ ಖರ್ಚೂ ಹುಟ್ಟದು. ಬೋಟು ದಡದಲ್ಲೇ ನಿಲ್ಲುತ್ತದೆ. ಆಗ ಮಲ್ಪೆ, ಮಂಗಳೂರು ಬಂದರಿಗೆ ದುಡಿಯಲು ಹೋದ ನಮ್ಮೂರವರ ಕೂಲಿಗೂ ಕುತ್ತು.

ಈಗ ನಮ್ಮಲ್ಲೇ ಒಂದು ಕಡಲಿದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದರು. ಹಳೇ ಬಾಗಲಕೋಟೆಯ ಓಣಿಗಳನ್ನೂ ಫಲವತ್ತಾದ ಎರಿ ಹೊಲಗಳನ್ನೂ ನುಂಗಿದ ಆ ಹಿನ್ನೀರಿನಲ್ಲಿ ಇಂದು ಕಾಟ್ಲಾ, ರೋಹು ಮೀನಿಗೆ ಬಲೆ ಬೀಸುತ್ತಾರೆ. ಆ ನೀರು ಬರುವುದು ಘಟ್ಟದ ಮುಂಗಾರಿನಿಂದ. ಮುಂಗಾರು ಬರುವುದು ಕಡಲಿನಿಂದ. ಕಡಲು ಮುನಿದರೆ ರೈತನೂ ಅಂಬಿಗನೂ ಒಟ್ಟಿಗೇ ಕಷ್ಟಕ್ಕೆ ಬೀಳುತ್ತಾರೆ.

1972ರ ಬರ ಉಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಶಾಲೆಯ ಮಕ್ಕಳು ಅವರ ಮುಂದೆ ಕುಳಿತು, ಕೇಳಿ, ಬರೆದಿಡಲಿ. ಈ ಸುವರ್ಣ ಮಹೋತ್ಸವಕ್ಕೆ ಅದಕ್ಕಿಂತ ದೊಡ್ಡ ಕಾಣಿಕೆ ಬೇರೊಂದಿಲ್ಲ.