ಸಿಮೆಂಟಿನ ಮೇಲೆ ಬಂದ ಅಪವಾದ

ಮನೆಯಲ್ಲಿ ಹಿರಿಯರ ಸೊಂಟದ ಕೀಲು ಬದಲಿಸಬೇಕು ಅಂತ ಡಾಕ್ಟರು ಹೇಳಿದ ತಕ್ಷಣ ನಾವೆಲ್ಲ ಗೂಗಲ್ ಮಾಡೋದು ಒಂದೇ: ಸಿಮೆಂಟ್ ಹಾಕಿಸ್ಬೇಕಾ, ಬೇಡ್ವಾ? ಸಿಮೆಂಟ್ ಹಳೇ ಕಾಲದ್ದು, ಅದಿಲ್ಲದ್ದೇ ಮಾಡರ್ನ್ ಅನ್ನೋ ಮಾತು ನನ್ನ ಕಿವಿಗೂ ಸುಮಾರು ಸಲ ಬಿದ್ದಿದೆ. ಅದರ ಹಿಂದೆ ಒಂದು ಸುಳ್ಳು ಆರೋಪದ ಕಥೆ ಇದೆ.

ಇಂಗ್ಲೆಂಡಿನ ಲ್ಯಾಂಕಷೈರ್‌ನ ರೈಟಿಂಗ್‌ಟನ್ ಆಸ್ಪತ್ರೆ, 1950ರ ದಶಕದ ಕೊನೆ. ಜಾನ್ ಚಾರ್ನ್ಲಿ ಎಂಬ ಸರ್ಜನ್ ತೊಡೆಮೂಳೆಯೊಳಗೆ ಲೋಹದ ದಂಡ ಕೂರಿಸಲು ಅಕ್ರಿಲಿಕ್ ಸಿಮೆಂಟ್ ಬಳಸತೊಡಗಿದ. ಹಲ್ಲಿನ ಸೆಟ್ ಮಾಡ್ತಾರಲ್ಲ, ಅದೇ ಜಾತಿಯ ವಸ್ತು. ಇದು ಅಂಟಲ್ಲ, ಗಾರೆ. ಮೂಳೆಯ ಸಣ್ಣ ಸಣ್ಣ ಸಂದುಗಳಿಗೆ ಇಳಿದು ಗಟ್ಟಿಯಾಗಿ ಭಾರವನ್ನು ಎಲ್ಲ ಕಡೆಗೂ ಹಂಚುತ್ತದೆ.

ಆಗ ಕೈಕೊಟ್ಟದ್ದು ಗಾರೆಯಲ್ಲ, ಕೀಲಿನ ಬಟ್ಟಲು. ಅದನ್ನು ಟೆಫ್ಲಾನ್‌ನಿಂದ ಮಾಡಿದ್ದರು. ನಮ್ಮ ದೋಸೆ ತವಾದ ಟೆಫ್ಲಾನೇ! ಸುಮಾರು 300 ಜನರಿಗೆ ಅದನ್ನು ಹಾಕಿಯಾಗಿತ್ತು. ಕೆಲವೇ ವರ್ಷಗಳಲ್ಲಿ ಬಟ್ಟಲು ಸವೆಯಿತು, ಅದರ ಪುಡಿ ಸುತ್ತಲಿನ ಮಾಂಸವನ್ನು ಕೆರಳಿಸಿತು. ನಡೆದಾಡುತ್ತಿದ್ದವರು ಮತ್ತೆ ಆಪರೇಷನ್ ಟೇಬಲ್ಲಿಗೆ ಬಂದರು. ಚಾರ್ನ್ಲಿ ತನ್ನ ತೊಡೆಯೊಳಗೇ ಟೆಫ್ಲಾನ್ ಸೇರಿಸಿಕೊಂಡು ನೋಡಿದ. ಅಲ್ಲೂ ಊದಿಕೊಂಡಿತು. (ಈ ಪರೀಕ್ಷೆಯನ್ನು ಮೊದಲೇ ಮಾಡಬಾರದಿತ್ತೇ ಅಂತ ನನಗಂತೂ ಅನಿಸುತ್ತೆ.)

1962ರಲ್ಲಿ, ಜವಳಿ ಮಿಲ್ಲುಗಳಿಗೆ ಮಗ್ಗದ ಪ್ಲಾಸ್ಟಿಕ್ ಗಿಯರ್ ಮಾರುವವನೊಬ್ಬ ಪಾಲಿಎಥಿಲೀನ್ ತುಂಡು ತಂದುಕೊಟ್ಟ. ಚಾರ್ನ್ಲಿ ಉಗುರಿನಿಂದ ಒತ್ತಿ ನೋಡಿ, ಇದು ಟೈಮ್ ವೇಸ್ಟ್ ಅಂದ. ಲ್ಯಾಬಿನ ಹ್ಯಾರಿ ಕ್ರೇವನ್ ಕೇಳಬೇಕಲ್ಲ! ಸರ್ಜನ್ ಊರಲ್ಲಿಲ್ಲದಾಗ ಅದನ್ನು ಯಂತ್ರಕ್ಕೆ ಸಿಕ್ಕಿಸಿ ಹಗಲೂ ರಾತ್ರಿ ಓಡಿಸಿದ. ಮೂರು ವಾರದಲ್ಲಿ ಅದು, ಟೆಫ್ಲಾನ್ ಒಂದು ದಿನಕ್ಕೆ ಸವೆಯುವಷ್ಟೂ ಸವೆದಿರಲಿಲ್ಲ. ಅದೇ ನವೆಂಬರ್‌ನಿಂದ ರೋಗಿಗಳಿಗೆ ಹಾಕಲು ಶುರು.

ಪಾಲಿಎಥಿಲೀನ್ ಕೂಡ ಸವೆಯುತ್ತೆ, ನಿಧಾನವಾಗಿ. ಹತ್ತಾರು ವರ್ಷದ ಮೇಲೆ ಕೆಲವರಲ್ಲಿ ಕೀಲಿನ ಸುತ್ತ ಮೂಳೆ ಕರಗಿ, ದಂಡ ಅಲುಗಾಡತೊಡಗಿತು. ಎಲ್ಲರ ಬೆರಳೂ ಗಾರೆಯ ಕಡೆ. 1987ರ ಒಂದು ಲೇಖನದಲ್ಲಂತೂ 'ಸಿಮೆಂಟ್ ಕಾಯಿಲೆ' ಅನ್ನೋ ಹೆಸರೇ ಬಂತು. ಅಷ್ಟರಲ್ಲಿ ತರಿತರಿ ಮೈಯ, ಮೂಳೆಯೇ ಬೆಳೆದು ಹಿಡಿದುಕೊಳ್ಳುವ ಸಿಮೆಂಟಿಲ್ಲದ ಕೀಲುಗಳು ಬಂದಿದ್ದವು. ಅಲ್ಲೂ ಮೂಳೆ ಕರಗಿತು! ಗಾರೆಯೇ ಇಲ್ಲದ ಕಡೆ ಗಾರೆಯ ಕಾಯಿಲೆ ಬರೋದು ಹೇಗೆ? ಪ್ಲಾಸ್ಟಿಕ್ ಪುಡಿಯನ್ನು ನುಂಗಿದ ರಕ್ಷಕ ಕೋಶಗಳು ಮೂಳೆ ಕರಗಿಸುವ ಸಂಕೇತ ಕಳಿಸುತ್ತಿದ್ದವು. ಹೆಚ್ಚು ಗಟ್ಟಿಯಾಗಿ ಹೆಣೆದ ಪಾಲಿಎಥಿಲೀನ್ 1990ರ ದಶಕದ ಕೊನೆಗೆ ಬಂದ ಮೇಲೆ ಈ ತೊಂದರೆ ಬಹಳ ಇಳಿಯಿತು.

ಅಮೆರಿಕದ ಮೇಯೋ ಕ್ಲಿನಿಕ್, ಸಿಮೆಂಟ್ ಹಾಕಿದ 2000 ಚಾರ್ನ್ಲಿ ಕೀಲುಗಳ ಲೆಕ್ಕ ಇಟ್ಟಿತ್ತು. 25 ವರ್ಷವಾದರೂ ನೂರಕ್ಕೆ ಸುಮಾರು 80 ಕೀಲುಗಳನ್ನು ಬದಲಿಸಬೇಕಾಗಿರಲಿಲ್ಲ. ಮೂಳೆ ಸೊರಗಿದ ವಯಸ್ಸಾದವರಿಗೆ ಈಗಲೂ ಸಿಮೆಂಟೇ ವಾಸಿ ಅನ್ನುವ ಸರ್ಜನ್ನರು ಬಹಳ ಜನ, ಯಾಕೆಂದರೆ ಅದರಲ್ಲಿ ದಂಡದ ಸುತ್ತ ಮೂಳೆ ಸೀಳುವ ಭಯ ಕಡಿಮೆ.

ಗಾರೆ ಮೂಳೆಯನ್ನು ಹೇಗೆ ಹಿಡಿದಿದೆ ಅನ್ನೋದನ್ನು ಬದುಕಿರುವವರಲ್ಲಿ ಬಿಚ್ಚಿ ನೋಡೋ ಹಾಗಿಲ್ಲ. ಅದಕ್ಕೇ ಚಾರ್ನ್ಲಿ ರೋಗಿಗಳನ್ನು ಮುಂಚೆಯೇ ಕೇಳಿಕೊಳ್ಳುತ್ತಿದ್ದ: ನೀವು ತೀರಿಕೊಂಡ ಮೇಲೆ ಆ ಕೀಲನ್ನು ನಮಗೆ ವಾಪಸ್ ಕೊಡ್ತೀರಾ? ಎಷ್ಟೋ ಜನ ಒಪ್ಪಿಕೊಂಡರು.